ಗಡಿಯಾರ ಬರುವ ಮೊದಲೇ ಓಡಿದವರು

1979ರ ಫೆಬ್ರವರಿ 24ರಂದು ಅಮೆರಿಕದ ಡರ್ಹಮ್ ಪಟ್ಟಣದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿರುದ್ಧ ಆಡಲು ಬಂದ ನಾರ್ತ್ ಕೆರೊಲಿನಾ ತಂಡ ಚೆಂಡನ್ನು ಹಿಡಿದುಕೊಂಡು ನಿಂತುಬಿಟ್ಟಿತು. ಪಾಸು, ಮತ್ತೆ ಪಾಸು, ಬುಟ್ಟಿಯ ಕಡೆ ಮುಖವೇ ಇಲ್ಲ. 20 ನಿಮಿಷದ ಮೊದಲರ್ಧ ಮುಗಿದಾಗ ಸ್ಕೋರು ಡ್ಯೂಕ್ 7, ನಾರ್ತ್ ಕೆರೊಲಿನಾ ಸೊನ್ನೆ. ಎರಡನೆಯ ಅರ್ಧದಲ್ಲಿ ಅದೇ ತಂಡಗಳು, ಅದೇ ಆಟಗಾರರು 40–40 ಹೊಡೆದರು. ಪಂದ್ಯ 47–40ಕ್ಕೆ ಮುಗಿಯಿತು.

ಕಾಲೇಜು ಬ್ಯಾಸ್ಕೆಟ್‌ಬಾಲ್ ಹಿಂದೆ ನಿಧಾನವಾಗಿತ್ತು, ಈಗ ವೇಗವಾಗಿದೆ ಎನ್ನುವವರು ಇಂಥ ಪಂದ್ಯಗಳನ್ನೇ ಎತ್ತಿ ತೋರಿಸುತ್ತಾರೆ. ಆದರೆ ಈ ಪಂದ್ಯಕ್ಕಿಂತ ಏಳು ವರ್ಷ ಮೊದಲು, 1971–72ರ ಋತುವಿನಲ್ಲಿ, ಮೇಲ್ದರ್ಜೆಯ ಕಾಲೇಜು ತಂಡಗಳ ಸರಾಸರಿ ಸ್ಕೋರು 77 ಅಂಕ ದಾಟಿತ್ತು. ಆಗ ನಿಗದಿತ ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕೆನ್ನುವ ಗಡಿಯಾರ, ಅಂದರೆ ಶಾಟ್ ಕ್ಲಾಕ್ ಇರಲಿಲ್ಲ, ಮೂರಂಕದ ಗೆರೆ ಇರಲಿಲ್ಲ, ಜಿಗಿದು ಚೆಂಡನ್ನು ಬುಟ್ಟಿಗೆ ತುರುಕುವ ಡಂಕಿಗೇ ನಿಷೇಧವಿತ್ತು. ನಾಲ್ಕು ದಶಕ ಕಳೆದು 2012–13ಕ್ಕೆ ಬಂದರೆ ಗಡಿಯಾರವಿದೆ, ಮೂರಂಕದ ಗೆರೆಯಿದೆ, ಡಂಕ್ ಇದೆ, ಆದರೆ ಸರಾಸರಿ 67.5ಕ್ಕೆ ಕುಸಿದಿದೆ. ವೇಗದ ಗ್ರಾಫು ಮೇಲೇರುವ ಗೆರೆಯಲ್ಲ. ಅದು ಏರಿದೆ, ಇಳಿದಿದೆ, ಮತ್ತೆ ಏರಿದೆ. ಯಾಕೆ ಎಂಬ ಪ್ರಶ್ನೆಗೆ ತರಬೇತುದಾರರು, ನಿಯಮ ಬರೆಯುವವರು, ಅಂಕಿಅಂಶದವರು, ಚರಿತ್ರೆಕಾರರು ಬೇರೆ ಬೇರೆ ಉತ್ತರ ಹೇಳುತ್ತ ಬಂದಿದ್ದಾರೆ. ಆ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಈ ಲೇಖನದ ಕೆಲಸ. ನನ್ನ ಪಕ್ಷಪಾತವನ್ನೂ ಮೊದಲೇ ಹೇಳಿಬಿಡುತ್ತೇನೆ: ವೇಗ ಮತ್ತು ಶೈಲಿ ಎಂಬ ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಎಂದುಕೊಂಡದ್ದರಿಂದಲೇ ಈ ಚರ್ಚೆಯ ಅರ್ಧದಷ್ಟು ಗೊಂದಲ ಹುಟ್ಟಿದೆ.

ಮೊದಲ ಐವತ್ತು ವರ್ಷ

1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ರೂಪಿಸಿದ ಆಟದಲ್ಲಿ ಓಟಕ್ಕೆ ಹೆಚ್ಚು ಜಾಗವಿರಲಿಲ್ಲ. ಒಂದು ಬುಟ್ಟಿ ಬಿದ್ದಾಗಲೆಲ್ಲ ಆಟಗಾರರು ಅಂಗಳದ ನಡುವಿಗೆ ಹಿಂದಿರುಗಿ, ರೆಫರಿ ಮೇಲೆಸೆದ ಚೆಂಡಿಗಾಗಿ ಇಬ್ಬರು ಜಿಗಿದು, ಅಲ್ಲಿಂದ ಆಟ ಮತ್ತೆ ಶುರುವಾಗಬೇಕಿತ್ತು. ಎತ್ತರದ ಸೆಂಟರ್ ಇರುವ ತಂಡ ಅಂಕ ಗಳಿಸಿದ ಮೇಲೆ ಚೆಂಡನ್ನೂ ತಾನೇ ಪಡೆಯುತ್ತಿತ್ತು. ಈ ಜಿಗಿತವನ್ನು 1937–38ರಲ್ಲಿ ತೆಗೆದುಹಾಕಿದ್ದು ನನ್ನ ಲೆಕ್ಕದಲ್ಲಿ ಆಟದ ವೇಗವನ್ನು ಬದಲಿಸಿದ ಅತಿ ದೊಡ್ಡ ನಿಯಮ. ಶಾಟ್ ಕ್ಲಾಕಿಗೆ ಸಿಕ್ಕ ಕೀರ್ತಿಯಲ್ಲಿ ಕಾಲುಭಾಗವೂ ಅದಕ್ಕೆ ಸಿಕ್ಕಿಲ್ಲ. ಬುಟ್ಟಿ ಬಿದ್ದ ಕೂಡಲೇ ಎದುರಾಳಿ ಗೆರೆಯಾಚೆಯಿಂದ ಚೆಂಡೆಸೆದು ಓಡಬಹುದು ಎಂದಾದದ್ದು ಆಗ. ಅದಕ್ಕೂ ಸ್ವಲ್ಪ ಮೊದಲು, 1932–33ರಲ್ಲಿ, ಚೆಂಡನ್ನು 10 ಸೆಕೆಂಡಿನೊಳಗೆ ಅರ್ಧ ಅಂಗಳ ದಾಟಿಸಬೇಕೆಂಬ ನಿಯಮ ಬಂದಿತ್ತು.

ನಿಯಮಕ್ಕೆ ಕಾಯದೆ ಓಡಿದವರೂ ಇದ್ದರು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾರ್ಡ್ ಲ್ಯಾಂಬರ್ಟ್, ರೋಡ್ ಐಲೆಂಡ್‌ನಲ್ಲಿ ಫ್ರಾಂಕ್ ಕೀನಿ, ಎದುರಾಳಿ ಸಜ್ಜಾಗುವ ಮೊದಲೇ ಓಡಿ ದಾಳಿ ಮಾಡುವ ಫಾಸ್ಟ್ ಬ್ರೇಕನ್ನೇ ತಮ್ಮ ಆಟವಾಗಿಸಿಕೊಂಡರು. 1936ರ ಡಿಸೆಂಬರ್ 30ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಹ್ಯಾಂಕ್ ಲುಯಿಸೆಟ್ಟಿ ಒಂದೇ ಕೈಯಿಂದ ಚೆಂಡೆಸೆದು ಲಾಂಗ್ ಐಲೆಂಡ್ ವಿಶ್ವವಿದ್ಯಾಲಯದ 43 ಪಂದ್ಯಗಳ ಗೆಲುವಿನ ಸಾಲನ್ನು 45–31ರಿಂದ ಮುರಿದಾಗ ಪೂರ್ವ ಕರಾವಳಿಯವರು ಬೆರಗಾದರು. ಎರಡೂ ಪಾದ ಊರಿ, ಎರಡೂ ಕೈಯಲ್ಲಿ ಚೆಂಡು ತೂರುವುದು ಅಲ್ಲಿನ ಪದ್ಧತಿಯಾಗಿತ್ತು. ಓಡುತ್ತಲೇ ಎಸೆಯಬಹುದು ಎಂದರೆ ನಿಂತು ಜಾಗ ಹುಡುಕುವ ಅಗತ್ಯವೇ ಕಡಿಮೆ.

ಇದರ ವಿರುದ್ಧ ದಿಕ್ಕಿನಲ್ಲಿ ಒಕ್ಲಹೋಮ ಎ ಅಂಡ್ ಎಂ ಕಾಲೇಜಿನ ಹೆನ್ರಿ ಐಬಾ ಇದ್ದರು. ಖಚಿತ ಅವಕಾಶ ಸಿಗುವ ತನಕ ಚೆಂಡು ಬಿಡಬೇಡ, ಎದುರಾಳಿಗೆ ಸುಲಭದ ಬುಟ್ಟಿ ಕೊಡಬೇಡ ಎಂಬುದು ಅವರ ಪಾಠ. ಏಳಡಿ ಎತ್ತರದ ಬಾಬ್ ಕರ್ಲಂಡ್‌ನನ್ನು ಮುಂದಿಟ್ಟುಕೊಂಡು 1945 ಮತ್ತು 1946ರಲ್ಲಿ ಸತತವಾಗಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಲ್ಯಾಂಬರ್ಟ್ ಮತ್ತು ಐಬಾ: ಮುಂದಿನ ಎಂಟು ದಶಕಗಳ ವಾದವೆಲ್ಲ ಈ ಇಬ್ಬರ ನಡುವೆಯೇ ನಡೆದಿದೆ ಎಂದರೂ ದೊಡ್ಡ ತಪ್ಪಾಗದು.

ಗಡಿಯಾರದ ವಾದ

ಮೊದಲನೆಯ ಮತ್ತು ಎಲ್ಲರಿಗೂ ಗೊತ್ತಿರುವ ವಿವರಣೆ ನಿಯಮದ್ದು. ಆಟಗಾರ ಗೆಲ್ಲಲು ಆಡುತ್ತಾನೆ. ಚೆಂಡು ಹಿಡಿದು ನಿಂತರೆ ಗೆಲುವು ಸಿಗುವಂತಿದ್ದರೆ ನಿಲ್ಲುತ್ತಾನೆ. ನಿಲ್ಲಬಾರದೆಂದರೆ ನಿಯಮ ಬೇಕು. ಕಬಡ್ಡಿ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಾಳಿಗೆ ಹೋದವನು ಸುಮ್ಮನೆ ಗೆರೆ ಮುಟ್ಟಿ ಬರುವುದನ್ನು ತಡೆಯಲೆಂದೇ, ಎರಡು ಖಾಲಿ ದಾಳಿಗಳ ನಂತರದ ಮೂರನೆಯದನ್ನು ‘ಮಾಡು ಇಲ್ಲವೇ ಮಡಿ’ ಎಂದು ಪ್ರೊ ಕಬಡ್ಡಿ ಮಾಡಿಕೊಂಡಿತು.

ವೃತ್ತಿಪರ ಬ್ಯಾಸ್ಕೆಟ್‌ಬಾಲಿಗೆ ಈ ಪಾಠ ಬೇಗ ಹತ್ತಿತು. 1950ರ ನವೆಂಬರ್‌ನಲ್ಲಿ ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19–18ರಿಂದ ಸೋಲಿಸಿತು. ಜನ ರೊಚ್ಚಿಗೆದ್ದರು. 1954ರಲ್ಲಿ ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್ ಒಂದು ಸರಳ ಭಾಗಾಕಾರ ಮಾಡಿದರು. 48 ನಿಮಿಷವೆಂದರೆ 2880 ಸೆಕೆಂಡ್, ಚೆನ್ನಾಗಿ ಸಾಗಿದ ಪಂದ್ಯದಲ್ಲಿ ಎರಡೂ ತಂಡ ಸೇರಿ 120 ಸಲ ಗುರಿಯಿಡುತ್ತವೆ, ಹಾಗಾಗಿ 24 ಸೆಕೆಂಡ್. ಎನ್‌ಬಿಎ ಅದನ್ನು ಒಪ್ಪಿತು. ಅಂತರರಾಷ್ಟ್ರೀಯ ಸಂಸ್ಥೆ ಫಿಬಾ 1956ರಲ್ಲಿ 30 ಸೆಕೆಂಡ್ ತಂದು, 2000ದಲ್ಲಿ ಅದನ್ನು 24ಕ್ಕೆ ಇಳಿಸಿತು. ಬೆಂಗಳೂರಿನ ಕಂಠೀರವದಲ್ಲಿ ಆಡುವವರೂ ಫಿಬಾ ನಿಯಮದಂತೆ 24 ಸೆಕೆಂಡಿಗೆ, ನಾಲ್ಕು ಕ್ವಾರ್ಟರಿಗೆ ಒಗ್ಗಿದವರೇ. ಅಮೆರಿಕದ ಕಾಲೇಜುಗಳು ಮಾತ್ರ ಎನ್‌ಬಿಎ ನಂತರ 31 ವರ್ಷ ಜಗ್ಗಲಿಲ್ಲ. ಚಿಕ್ಕ ಕಾಲೇಜಿಗೆ ದೊಡ್ಡ ಕಾಲೇಜಿನ ಎದುರು ಉಳಿದಿರುವ ಒಂದೇ ಆಯುಧ ಚೆಂಡು ಹಿಡಿದಿಡುವುದು, ಅದನ್ನೂ ಕಿತ್ತುಕೊಂಡರೆ ಹೇಗೆ ಎಂಬುದು ತರಬೇತುದಾರರ ವಾದವಾಗಿತ್ತು.

ಆ ಆಯುಧದ ಬಳಕೆ ಹೇಗಿತ್ತು ನೋಡಿ. 1968ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜು ಕೂಟದ ಸೆಮಿಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಡ್ಯೂಕ್ ತಂಡವನ್ನು 12–10ರಿಂದ ಸೋಲಿಸಿತು. 1973ರ ಡಿಸೆಂಬರ್‌ನಲ್ಲಿ ಟೆನೆಸಿ 11, ಟೆಂಪಲ್ 6. ನಾಲ್ವರು ಅರ್ಧ ಅಂಗಳದ ನಾಲ್ಕು ಮೂಲೆಗೆ ನಿಂತು ಐದನೆಯವನು ನಡುವೆ ಡ್ರಿಬಲ್ ಮಾಡುತ್ತ ಹೊತ್ತು ಕಳೆಯುವ ‘ಫೋರ್ ಕಾರ್ನರ್ಸ್’ ತಂತ್ರವನ್ನು ನಾರ್ತ್ ಕೆರೊಲಿನಾದ ಡೀನ್ ಸ್ಮಿತ್ ಪ್ರಸಿದ್ಧಗೊಳಿಸಿದರು. 1982ರ ಕಾನ್ಫರೆನ್ಸ್ ಫೈನಲ್‌ನಲ್ಲಿ ಒಂದು ಕಡೆ ನಾರ್ತ್ ಕೆರೊಲಿನಾದ ಮೈಕಲ್ ಜೋರ್ಡನ್ ಮತ್ತು ಜೇಮ್ಸ್ ವರ್ದಿ, ಇನ್ನೊಂದು ಕಡೆ ವರ್ಜೀನಿಯಾದ ರಾಲ್ಫ್ ಸ್ಯಾಂಪ್ಸನ್. ಟಿವಿ ಮುಂದೆ ಕೂತ ದೇಶ ಕಂಡದ್ದು ಮಾತ್ರ ಕೊನೆಯ ಹಲವು ನಿಮಿಷ ಚೆಂಡು ಕೈಯಿಂದ ಕೈಗೆ ಸುತ್ತುವುದನ್ನು. ಸ್ಕೋರು 47–45. ಮುಂದಿನ ಋತುವಿನಲ್ಲೇ ಆ ಕಾನ್ಫರೆನ್ಸ್ 30 ಸೆಕೆಂಡಿನ ಗಡಿಯಾರವನ್ನೂ ಮೂರಂಕದ ಗೆರೆಯನ್ನೂ ಪ್ರಯೋಗಕ್ಕೆ ತಂದಿತು. 1985–86ರಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಪುರುಷರ ಆಟಕ್ಕೆ 45 ಸೆಕೆಂಡಿನ ಗಡಿಯಾರ ಹಾಕಿತು. 1993–94ರಲ್ಲಿ ಅದು 35 ಆಯಿತು, 2015–16ರಲ್ಲಿ 30.

ಗಡಿಯಾರದ ವಾದಕ್ಕೆ ಅತಿ ಗಟ್ಟಿಯಾದ ಸಾಕ್ಷ್ಯ ಈ ಕೊನೆಯ ಬದಲಾವಣೆ. ಒಂದೇ ವರ್ಷದಲ್ಲಿ ಸರಾಸರಿ ಸ್ಕೋರು 67ರ ಆಸುಪಾಸಿನಿಂದ 73ರ ಆಸುಪಾಸಿಗೆ ಜಿಗಿಯಿತು. ಆದರೆ ಅದೇ ವಾದಕ್ಕೆ ನುಂಗಲಾಗದ ತುತ್ತೊಂದಿದೆ. 1993ರಲ್ಲಿ ಗಡಿಯಾರವನ್ನು 45ರಿಂದ 35ಕ್ಕೆ ಇಳಿಸಿದ ಮೇಲೂ ಸ್ಕೋರು ಇಪ್ಪತ್ತು ವರ್ಷ ಇಳಿಯುತ್ತಲೇ ಹೋಯಿತು. ಮಹಿಳೆಯರ ಕಾಲೇಜು ಆಟದ ಕಥೆ ಇನ್ನೂ ಗಂಭೀರ. ಅಲ್ಲಿ 1970ರ ದಶಕದಿಂದಲೂ 30 ಸೆಕೆಂಡಿನ ಗಡಿಯಾರವೇ ಇದೆ. ಆದರೂ 2013ರಲ್ಲಿ ವ್ಯಾಲ್ ಆಕರ್‌ಮನ್ ಎನ್‌ಸಿಎಎಗಾಗಿ ಬರೆದ ವರದಿ ಮಹಿಳೆಯರ ಸ್ಕೋರೂ ಗುರಿಯ ಪ್ರಮಾಣವೂ ಇತಿಹಾಸದಲ್ಲೇ ಕೆಳಮಟ್ಟ ತಲುಪಿವೆ ಎಂದಿತು. ಒಂದೇ ಗಡಿಯಾರದ ಕೆಳಗೆ ಆಟ ಏರಿ ಇಳಿದಿದೆ ಎಂದ ಮೇಲೆ ಕಾರಣ ಗಡಿಯಾರದ ಆಚೆಗೂ ಇರಲೇಬೇಕು. ಗಡಿಯಾರ ಅತಿ ನಿಧಾನದವರನ್ನು ತಡೆಯುತ್ತದೆ. ವೇಗದವರನ್ನು ಅದು ಹುಟ್ಟಿಸುವುದಿಲ್ಲ. 1972ರಲ್ಲಿ ಓಡಿದವರನ್ನು ಯಾರೂ ಹಿಂದಿನಿಂದ ತಳ್ಳಿರಲಿಲ್ಲ.

ಗುರುಪರಂಪರೆಯ ವಾದ

ಹಾಗಾದರೆ ತಳ್ಳಿದ್ದು ಯಾರು? ತರಬೇತುದಾರರು ಎನ್ನುತ್ತದೆ ಎರಡನೆಯ ಪಂಥ. ಕಾಲೇಜಿನಲ್ಲಿ ಆಟಗಾರರು ನಾಲ್ಕು ವರ್ಷದಲ್ಲಿ ಹೊರಟುಹೋಗುತ್ತಾರೆ, ತರಬೇತುದಾರ ಮೂವತ್ತು ವರ್ಷ ಇರುತ್ತಾನೆ. ಶೈಲಿ ಅವನ ಸ್ವತ್ತು, ಶಿಷ್ಯರ ಮೂಲಕ ಹರಡುತ್ತದೆ. ಈ ವಂಶವೃಕ್ಷಗಳು ನಿಜಕ್ಕೂ ಆಕರ್ಷಕ. ಪರ್ಡ್ಯೂನಲ್ಲಿ ಲ್ಯಾಂಬರ್ಟ್ ಕೈಕೆಳಗೆ ಆಡಿದ ಜಾನ್ ವುಡನ್ ಮುಂದೆ ಯುಸಿಎಲ್‌ಎಗೆ ಹೋಗಿ 1964ರಿಂದ 1975ರವರೆಗಿನ 12 ವರ್ಷಗಳಲ್ಲಿ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 1964ರ ಅವರ ತಂಡ ಎದುರಾಳಿಯನ್ನು ಅಂಗಳದ ಉದ್ದಕ್ಕೂ ಒತ್ತಿ ಹಿಡಿಯುವ ಪ್ರೆಸ್ ರಕ್ಷಣೆಯಿಂದ ಪಂದ್ಯಗಳ ಲಯವನ್ನೇ ಕೆಡಿಸುತ್ತಿತ್ತು. ಎಲ್ಲರೂ ಯುಸಿಎಲ್‌ಎಯಂತೆ ಆಡಲು ಹೊರಟ ಕಾಲದಲ್ಲೇ ದೇಶದ ಸ್ಕೋರು ಶಿಖರ ಮುಟ್ಟಿದ್ದು ಆಕಸ್ಮಿಕವಲ್ಲ ಎನ್ನುತ್ತಾರೆ ಈ ಪಂಥದವರು.

ಇನ್ನೊಂದು ಕವಲು ಡಿಕ್ ಬೆನೆಟ್‌ದು. ರಕ್ಷಕರೆಲ್ಲ ಬುಟ್ಟಿಯ ಸುತ್ತ ಗುಂಪುಗಟ್ಟಿ ಒಳದಾರಿ ಮುಚ್ಚುವ ‘ಪ್ಯಾಕ್ ಲೈನ್’ ರಕ್ಷಣೆಯೊಂದಿಗೆ ಅವರ ವಿಸ್ಕಾನ್ಸಿನ್ ತಂಡ 2000ದಲ್ಲಿ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಹಂತವಾದ ಫೈನಲ್ ಫೋರ್ ಮುಟ್ಟಿತು. ಅಲ್ಲಿ ಮಿಷಿಗನ್ ಸ್ಟೇಟ್ ವಿರುದ್ಧ ವಿರಾಮದ ಸ್ಕೋರು 19–17. ಅವರ ಮಗ ಟೋನಿ ಬೆನೆಟ್ ಅದೇ ಪಾಠವನ್ನು ವರ್ಜೀನಿಯಾಕ್ಕೆ ಒಯ್ದು, ದೇಶದಲ್ಲೇ ಅತಿ ನಿಧಾನದ ತಂಡದಿಂದ 2019ರ ಪ್ರಶಸ್ತಿ ಗೆದ್ದರು.

ಓಟದ ಅತಿರೇಕಗಳೂ ವ್ಯಕ್ತಿಗಳ ಹೆಸರಿನೊಂದಿಗೇ ಅಂಟಿಕೊಂಡಿವೆ. ಪಾಲ್ ವೆಸ್ಟ್‌ಹೆಡ್ ನಡೆಸಿದ ಲೊಯೋಲಾ ಮೇರಿಮೌಂಟ್ 1989–90ರಲ್ಲಿ ಪಂದ್ಯಕ್ಕೆ ಸರಾಸರಿ 122.4 ಅಂಕ ಹೊಡೆಯಿತು. ಆ ದಾಖಲೆ ಇಂದಿಗೂ ನಿಂತಿದೆ. ಚೆಂಡು ಸಿಕ್ಕ ಕೆಲವೇ ಸೆಕೆಂಡಿನಲ್ಲಿ ಎಸೆತ, ಎದುರಾಳಿಗೆ ಬೇಗ ಬುಟ್ಟಿ ಬಿಟ್ಟುಕೊಟ್ಟರೂ ಚಿಂತೆಯಿಲ್ಲ, ಚೆಂಡು ಬೇಗ ನಮ್ಮ ಕೈಗೆ ಬಂದರೆ ಸಾಕು ಎಂಬ ಧೋರಣೆ. 1990ರ ಮಾರ್ಚ್ 4ರಂದು ಆ ತಂಡದ ಹ್ಯಾಂಕ್ ಗ್ಯಾದರ್ಸ್ ಪಂದ್ಯದ ನಡುವೆ ಕುಸಿದು ತೀರಿಕೊಂಡರು. ಎರಡು ವಾರದ ನಂತರ ಉಳಿದವರು ಹಿಂದಿನ ವರ್ಷದ ಚಾಂಪಿಯನ್ ಮಿಷಿಗನ್ ತಂಡವನ್ನು 149–115ರಿಂದ ಸೋಲಿಸಿದರು. ಅದೇ ವರ್ಷ ಜೆರ್ರಿ ಟಾರ್ಕೇನಿಯನ್‌ರ ಯುಎನ್‌ಎಲ್‌ವಿ ಫೈನಲ್‌ನಲ್ಲಿ ಡ್ಯೂಕ್ ತಂಡವನ್ನು 103–73ರಿಂದ ಮುಳುಗಿಸಿತು. 1994ರಲ್ಲಿ ನೋಲನ್ ರಿಚರ್ಡ್ಸನ್ ತಮ್ಮ ‘40 ನಿಮಿಷದ ನರಕ’ದೊಂದಿಗೆ ಅರ್ಕನ್ಸಾಗೆ ಪ್ರಶಸ್ತಿ ತಂದರು.

ಆದರೆ ವಂಶವೃಕ್ಷವನ್ನು ಬುಡದಿಂದ ನೋಡಿದರೆ ಈ ವಾದ ಸಡಿಲವಾಗುತ್ತದೆ. ಕೆಂಟಕಿಯಲ್ಲಿ ಫಾಸ್ಟ್ ಬ್ರೇಕಿಗೆ ಹೆಸರಾದ ಅಡಾಲ್ಫ್ ರಪ್, ಚೆಂಡು ಹಿಡಿದಿಡುವುದಕ್ಕೆ ಹೆಸರಾದ ಡೀನ್ ಸ್ಮಿತ್, ಇಬ್ಬರೂ ಕ್ಯಾನ್ಸಸ್‌ನಲ್ಲಿ ಫಾಗ್ ಅಲೆನ್‌ರ ಶಿಷ್ಯರು. ಸ್ಮಿತ್ ಬಳಿ ಸಹಾಯಕರಾಗಿದ್ದ ರಾಯ್ ವಿಲಿಯಮ್ಸ್ ತಮ್ಮ ಕಾಲದಲ್ಲಿ ಅತಿ ವೇಗದ ತಂಡಗಳನ್ನು ಕಟ್ಟಿದವರಲ್ಲಿ ಒಬ್ಬರಾಗಿ, 2005, 2009, 2017ರಲ್ಲಿ ಪ್ರಶಸ್ತಿ ಗೆದ್ದರು. ವಿಲಿಯಮ್ಸ್ ಓಟವನ್ನು ಕಲಿತದ್ದೂ ಸ್ಮಿತ್‌ರಿಂದಲೇ. ಯಾಕೆಂದರೆ ಮುನ್ನಡೆ ಸಿಗುವ ತನಕ ಸ್ಮಿತ್ ತಂಡಗಳು ಓಡುತ್ತಲೇ ಇದ್ದವು, ಫೋರ್ ಕಾರ್ನರ್ಸ್ ಬರುತ್ತಿದ್ದದ್ದು ಸಾಮಾನ್ಯವಾಗಿ ಕೊನೆಯಲ್ಲಿ. ಅಂದರೆ ತರಬೇತುದಾರನಿಗೆ ಅಂಟಿದ ಹೆಸರು ಬೇರೆ, ಅವನ ತಂಡ ಆಡಿದ ಆಟ ಬೇರೆ.

ಎಣಿಕೆಯವರ ವಾದ

ಮೂರನೆಯ ಪಂಥ ಪ್ರಶ್ನೆಯನ್ನೇ ಬದಲಿಸಿತು. ಸ್ಕೋರು ನೋಡಿ ವೇಗ ಅಳೆಯುವುದೇ ತಪ್ಪು ಎಂದಿತು. 60 ಅಂಕ ಹೊಡೆದ ತಂಡ ನಿಧಾನವಾಗಿತ್ತೋ, ಗುರಿ ತಪ್ಪುತ್ತಿತ್ತೋ? 2011ರ ಫೈನಲ್‌ನಲ್ಲಿ ಕನೆಕ್ಟಿಕಟ್ ಎದುರು ಬಟ್ಲರ್ ತಂಡ 41 ಅಂಕಕ್ಕೆ ನಿಂತದ್ದು ಚೆಂಡು ಹಿಡಿದಿಟ್ಟದ್ದರಿಂದಲ್ಲ. 64 ಎಸೆತಗಳಲ್ಲಿ 12 ಮಾತ್ರ ಬುಟ್ಟಿಗೆ ಬಿದ್ದವು, ಅಷ್ಟೇ.

ವೇಗದ ನಿಜವಾದ ಅಳತೆ ಚೆಂಡಿನ ಸರದಿ. ಒಂದು ತಂಡಕ್ಕೆ ಚೆಂಡು ಸಿಕ್ಕಲ್ಲಿಂದ ಅದು ಎದುರಾಳಿಯ ಕೈಗೆ ಹೋಗುವ ತನಕ ಒಂದು ಸರದಿ. ಸರದಿಗಳು ಒಬ್ಬರಾದ ಮೇಲೆ ಒಬ್ಬರಿಗೆ ಬರುವುದರಿಂದ ಎರಡೂ ತಂಡಕ್ಕೆ ಹೆಚ್ಚುಕಡಿಮೆ ಸಮವಾಗಿಯೇ ಸಿಗುತ್ತವೆ. ಹಾಗಾಗಿ ಓಡುವುದರಿಂದಷ್ಟೇ ಯಾರಿಗೂ ಲಾಭವಿಲ್ಲ. ಪ್ರತಿ ಸರದಿಗೆ ಎಷ್ಟು ಅಂಕ ಎಂಬುದೇ ಲೆಕ್ಕ. ಹಳೆಯ ದಾಖಲೆಗಳಲ್ಲಿ ಸರದಿಯ ಎಣಿಕೆ ಇಲ್ಲದ್ದರಿಂದ ಅಂದಾಜು ಸೂತ್ರವೊಂದನ್ನು ಬಳಸುತ್ತಾರೆ: ಒಟ್ಟು ಎಸೆತಗಳಿಂದ ದಾಳಿ ರಿಬೌಂಡುಗಳನ್ನು (ತಪ್ಪಿದ ಎಸೆತದ ಚೆಂಡನ್ನು ದಾಳಿ ತಂಡವೇ ಮರಳಿ ಹಿಡಿದದ್ದನ್ನು) ಕಳೆದು, ಕಳೆದುಕೊಂಡ ಚೆಂಡುಗಳನ್ನು ಕೂಡಿಸಿ, ಫ್ರೀ ಥ್ರೋಗಳ ಸರಿಸುಮಾರು ಅರ್ಧದಷ್ಟನ್ನು ಸೇರಿಸಿದರೆ ಬರುವ ಸಂಖ್ಯೆ. 2000ರ ದಶಕದಲ್ಲಿ ಕೆನ್ ಪೊಮೆರಾಯ್ ಎಂಬ ಹವಾಮಾನ ತಜ್ಞ ದೇಶದ ಎಲ್ಲ ತಂಡಗಳಿಗೂ ಈ ಲೆಕ್ಕ ಹಚ್ಚಿದರು. 2004ರಲ್ಲಿ ಡೀನ್ ಆಲಿವರ್ ಇದೇ ದಾರಿಯಲ್ಲಿ ಪುಸ್ತಕ ಬರೆದರು. ಆದರೆ 1950ರ ದಶಕದಲ್ಲೇ ಪ್ರತಿ ಸರದಿಯ ಅಂಕ ಎಣಿಸುತ್ತಿದ್ದವರು ಒಬ್ಬರಿದ್ದರು, ಅದೇ ಡೀನ್ ಸ್ಮಿತ್. ಆಟವನ್ನು ನಿಲ್ಲಿಸಿದವರೆಂದು ಬೈಸಿಕೊಂಡವರೇ ಆಧುನಿಕ ಲೆಕ್ಕಾಚಾರದ ಆದಿಪುರುಷರಲ್ಲೊಬ್ಬರು.

ಈ ಕಣ್ಣಿನಿಂದ ನೋಡಿದರೆ ನಿಧಾನದ ಆಟಕ್ಕೊಂದು ತರ್ಕ ಸಿಗುತ್ತದೆ. ಸರದಿ ಹೆಚ್ಚಾದಷ್ಟೂ ಬಲಿಷ್ಠನ ಬಲ ಮೇಲೆ ಬರುತ್ತದೆ, ಕಡಿಮೆಯಾದಷ್ಟೂ ಅದೃಷ್ಟಕ್ಕೆ ಜಾಗ. ದುರ್ಬಲ ತಂಡ ಆಟವನ್ನು ಮೊಟಕು ಮಾಡಬೇಕು. ಪ್ರಿನ್ಸ್‌ಟನ್‌ನ ಪೀಟ್ ಕ್ಯಾರಿಲ್ ಇದನ್ನು ಕಲೆಯಾಗಿಸಿದರು. ಪಾಸಿನ ಮೇಲೆ ಪಾಸು ಹೆಣೆದು, ರಕ್ಷಕ ಬೇಸತ್ತು ಮುಂದೆ ಬಂದ ಕ್ಷಣ ಅವನ ಬೆನ್ನ ಹಿಂದಿನಿಂದ ಬುಟ್ಟಿಗೆ ನುಗ್ಗುವುದು. 1989ರಲ್ಲಿ ಅವರ ತಂಡ ತನಗಿಂತ ಬಲಿಷ್ಠವಾದ ಜಾರ್ಜ್‌ಟೌನ್‌ಗೆ 50–49ರಿಂದ ಸೋತಿತು. 1996ರಲ್ಲಿ ಅಂಥದೇ ಒಂದು ನುಗ್ಗುವಿಕೆಯಿಂದ ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎಯನ್ನು 43–41ರಿಂದ ಮನೆಗೆ ಕಳಿಸಿತು.

ತರ್ಕ ಚೆನ್ನಾಗಿದೆ. ಆದರೆ ಬಲಿಷ್ಠ ತಂಡವೇ ನಿಧಾನವಾಗಿ ಆಡಿದರೆ? 2018ರಲ್ಲಿ ದೇಶದ ಮೊದಲ ಸ್ಥಾನದಲ್ಲಿದ್ದ ವರ್ಜೀನಿಯಾ, ಯುಎಂಬಿಸಿ ಎಂಬ ಅಷ್ಟೇನೂ ಹೆಸರಿಲ್ಲದ ಕಾಲೇಜಿಗೆ 74–54ರಿಂದ ಸೋತಾಗ, ಪುರುಷರ ರಾಷ್ಟ್ರೀಯ ಟೂರ್ನಿಯಲ್ಲಿ ಅಗ್ರ ಶ್ರೇಯಾಂಕದ ತಂಡ 16ನೆಯ ಶ್ರೇಯಾಂಕಕ್ಕೆ ಸೋತದ್ದು ಅದೇ ಮೊದಲು. ನಿಧಾನದ ಆಟ ತನ್ನನ್ನೇ ನುಂಗಿತು ಎಂದು ಎಣಿಕೆಯವರಲ್ಲಿ ಹಲವರು ಬರೆದರು. ವಿರಾಮದಲ್ಲಿ 21–21 ಇದ್ದ ಪಂದ್ಯದ ಎರಡನೆಯ ಅರ್ಧದಲ್ಲಿ ಯುಎಂಬಿಸಿ 53 ಅಂಕ ಹೊಡೆದಿತ್ತು. ಇಪ್ಪತ್ತು ಅಂಕದ ಸೋಲನ್ನು ಅದೃಷ್ಟದ ಖಾತೆಗೆ ಬರೆಯುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಮರುವರ್ಷ ಅದೇ ತರಬೇತುದಾರ, ಅದೇ ನಿಧಾನ, ಕೈಗೆ ಪ್ರಶಸ್ತಿ.

ಸೀಟಿ ಮತ್ತು ಮೈ

1993ರ ನಂತರದ ಇಪ್ಪತ್ತು ವರ್ಷದ ಇಳಿಕೆಗೆ ಅತ್ಯಂತ ನಂಬುವಂಥ ವಿವರಣೆ ರೆಫರಿಗಳ ಸೀಟಿಯಲ್ಲಿದೆ. 1990ರ ದಶಕದಿಂದ ಆಟಗಾರರ ಮೈಕಟ್ಟು ಬದಲಾಯಿತು, ಜಿಮ್ ಪ್ರತಿ ಕಾಲೇಜಿನ ಭಾಗವಾಯಿತು. ಡ್ರಿಬಲ್ ಮಾಡುವವನ ಸೊಂಟಕ್ಕೆ ಕೈಯಿಟ್ಟು ತಡೆಯುವುದು, ಚೆಂಡಿಲ್ಲದೆ ಓಡುವವನಿಗೆ ಭುಜ ಕೊಡುವುದು, ನುಗ್ಗಿ ಬರುವವನ ದಾರಿಯಲ್ಲಿ ನಿಂತು ಡಿಕ್ಕಿ ಹೊಡೆಸಿಕೊಂಡು ಫೌಲ್ ಗಿಟ್ಟಿಸುವುದು ಇವೆಲ್ಲ ಒಂದೊಂದಾಗಿ ಒಪ್ಪಿತವಾದವು. ನಿಯಮಪುಸ್ತಕ ಬದಲಾಗಿರಲಿಲ್ಲ, ಅದನ್ನು ಓದುವ ರೀತಿ ಬದಲಾಗಿತ್ತು. 35 ಸೆಕೆಂಡ್ ಇದ್ದರೂ ಅದರಲ್ಲಿ 25 ಸೆಕೆಂಡ್ ತಳ್ಳಾಟದಲ್ಲೇ ಹೋದರೆ ಒಳ್ಳೆಯ ಎಸೆತ ಎಲ್ಲಿಂದ ಬರಬೇಕು?

ಎನ್‌ಸಿಎಎ ಇದಕ್ಕೆ ಚಿಕಿತ್ಸೆ ಮಾಡುತ್ತಲೇ ಬಂದಿದೆ. 2011–12ರಲ್ಲಿ ಬುಟ್ಟಿಯ ಕೆಳಗೆ ಮೂರಡಿಯ ಕಮಾನು ಎಳೆದು, ಅದರೊಳಗೆ ನಿಂತು ಡಿಕ್ಕಿಯ ಫೌಲ್ ಕೇಳುವಂತಿಲ್ಲ ಎಂದಿತು. 2013–14ರಲ್ಲಿ ಕೈಯಿಟ್ಟು ತಡೆಯುವುದಕ್ಕೆ ಕಡ್ಡಾಯವಾಗಿ ಸೀಟಿ ಊದುವಂತೆ ರೆಫರಿಗಳಿಗೆ ಸೂಚಿಸಿತು. 2015–16ರಲ್ಲಿ ಗಡಿಯಾರ ಇಳಿಸಿದಾಗಲೇ ಕಮಾನನ್ನು ನಾಲ್ಕಡಿಗೆ ಹಿಗ್ಗಿಸಿತು, ಟೈಮ್ ಔಟ್‌ಗಳನ್ನೂ ಕಡಿತ ಮಾಡಿತು. 2023–24ರಲ್ಲಿ ಡಿಕ್ಕಿಯ ನಿಯಮವನ್ನು ಮತ್ತೆ ಬಿಗಿಗೊಳಿಸಿತು. ಇಲ್ಲೇ ಒಂದು ತೊಡಕು: 2015ರ ಜಿಗಿತವನ್ನು ಗಡಿಯಾರದವರು ತಮ್ಮ ಗೆಲುವೆನ್ನುತ್ತಾರೆ, ಸೀಟಿಯವರು ತಮ್ಮದೆನ್ನುತ್ತಾರೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದ ಮೇಲೆ ಯಾವ ಮದ್ದು ಕೆಲಸ ಮಾಡಿತೆಂದು ಹೇಳುವುದು ಹೇಗೆ?

ಆಡುವವರು ಯಾರು

ಇನ್ನೊಂದು ಪಂಥ ಅಂಗಳದಾಚೆಗೆ ನೋಡುತ್ತದೆ. 1950 ಮತ್ತು 60ರ ದಶಕಗಳಲ್ಲಿ ಕಪ್ಪು ಆಟಗಾರರಿಗೆ ದೊಡ್ಡ ಕಾಲೇಜುಗಳ ಬಾಗಿಲು ತೆರೆದದ್ದೇ ಆಟದ ಮೈಯನ್ನು ಬದಲಿಸಿತು, ನಗರಗಳ ಬಯಲು ಅಂಗಳಗಳಲ್ಲಿ ಬೆಳೆದ ಎತ್ತರದ, ಓಟದ, ಏಕಾಂಗಿ ಚಮತ್ಕಾರದ ಶೈಲಿ ಒಳಗೆ ಬಂತು ಎಂಬುದು ವಾದ. 1967–68ರಿಂದ 1975–76ರವರೆಗೆ ಕಾಲೇಜುಗಳಲ್ಲಿ ಡಂಕ್ ನಿಷೇಧಿಸಿದ್ದನ್ನು ಇದರ ವಿರುದ್ಧದ ಪ್ರತಿಕ್ರಿಯೆ ಎಂದೇ ಅನೇಕರು ಓದುತ್ತಾರೆ. ಯುಸಿಎಲ್‌ಎಯ ಲ್ಯೂ ಅಲ್ಸಿಂಡರ್, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಆದವರು, ಮುಖ್ಯ ತಂಡದಲ್ಲಿ ತಮ್ಮ ಮೊದಲ ಋತುವಿನಲ್ಲೇ ಪ್ರಶಸ್ತಿ ಗೆದ್ದ ಬೆನ್ನಿಗೇ ಬಂದ ನಿಷೇಧವದು.

ನಿಷೇಧದ ಬಗ್ಗೆ ಈ ಓದು ಸರಿಯೆಂದೇ ನನಗನ್ನಿಸುತ್ತದೆ. ಆದರೆ ‘ಕಪ್ಪು ಎಂದರೆ ಓಟ, ಬಿಳಿ ಎಂದರೆ ಶಿಸ್ತು’ ಎಂಬ ಸಮೀಕರಣವನ್ನು ಅದರ ಜೊತೆ ನುಸುಳಿಸಬಾರದು. 1966ರ ಫೈನಲ್‌ನಲ್ಲಿ ಐವರು ಕಪ್ಪು ಆಟಗಾರರನ್ನು ಮೊದಲಿಗೆ ಇಳಿಸಿದ ಟೆಕ್ಸಸ್ ವೆಸ್ಟರ್ನ್, ಬಿಳಿಯರೇ ಇದ್ದ ಕೆಂಟಕಿಯನ್ನು 72–65ರಿಂದ ಸೋಲಿಸಿತು. ಅಂದು ಓಟದ ತಂಡ ಕೆಂಟಕಿ. ಟೆಕ್ಸಸ್ ವೆಸ್ಟರ್ನ್‌ನ ಡಾನ್ ಹ್ಯಾಸ್ಕಿನ್ಸ್ ಹೆನ್ರಿ ಐಬಾ ಅವರ ಶಿಷ್ಯ. ತಾಳ್ಮೆ, ರಕ್ಷಣೆ, ಚೆಂಡಿನ ಮೇಲೆ ಹಿಡಿತ ಅವರ ಆಟದ ಮೂಲಪಾಠ.

ಇದೇ ಪಂಥದ ಹೊಸ ರೂಪ ದುಡ್ಡಿನ ಮತ್ತು ವಯಸ್ಸಿನ ಮಾತಾಡುತ್ತದೆ. ಶಾಲೆಯಿಂದ ನೇರ ಎನ್‌ಬಿಎಗೆ ಹೋಗುವಂತಿಲ್ಲ ಎಂಬ ನಿಯಮ 2006ರ ಆಯ್ಕೆಯಿಂದ ಜಾರಿಯಾಗಿ, ಅತ್ಯುತ್ತಮರು ಒಂದೇ ವರ್ಷ ಕಾಲೇಜಿನಲ್ಲಿದ್ದು ಹೊರಡತೊಡಗಿದರು. ಎಳೆಯರ ತಂಡಗಳಿಗೆ ಹೆಣಿಗೆಯ ಆಟ ಕಲಿಸಲು ಹೊತ್ತೆಲ್ಲಿ? ಈಗ ಗಾಳಿ ತಿರುಗಿದೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದು. ಅದೇ ವರ್ಷ ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸುವ ಅವಕಾಶವೂ ಬಂತು. ಕೋವಿಡ್ ಕಾಲದಲ್ಲಿ ಒಂದು ಹೆಚ್ಚುವರಿ ವರ್ಷ ಸಿಕ್ಕಿತು. ತಂಡಗಳಲ್ಲಿ 22, 23ರ ಪ್ರಾಯದವರು ತುಂಬಿದರು. ನುರಿತ ಕೈಗಳು ಚೆಂಡು ಕಳೆದುಕೊಳ್ಳುವುದು ಕಡಿಮೆ, ಗುರಿ ಹೆಚ್ಚು.

ಗೆರೆಯಾಚೆಗೆ ಸರಿದ ಆಟ

ಇಷ್ಟೆಲ್ಲ ಪಂಥಗಳು ವೇಗದ ಬಗ್ಗೆ ಜಗಳವಾಡುತ್ತಿದ್ದಾಗ ಶೈಲಿ ತನ್ನ ಪಾಡಿಗೆ ಬೇರೆ ದಾರಿ ಹಿಡಿಯಿತು. 1980ರ ನವೆಂಬರ್‌ನಲ್ಲಿ ಸದರ್ನ್ ಕಾನ್ಫರೆನ್ಸ್‌ನ ಪ್ರಯೋಗದಡಿ ವೆಸ್ಟರ್ನ್ ಕೆರೊಲಿನಾದ ರಾನಿ ಕಾರ್ ಮೊದಲ ಮೂರಂಕದ ಬುಟ್ಟಿ ಹಾಕಿದರು. 1986–87ರಲ್ಲಿ ಗೆರೆ ದೇಶಕ್ಕೆಲ್ಲ ಬಂತು, ಬುಟ್ಟಿಯಿಂದ 19 ಅಡಿ 9 ಅಂಗುಲ ದೂರದಲ್ಲಿ. ಹಲವು ತರಬೇತುದಾರರು ಅದನ್ನು ಗಿಮಿಕ್ ಎಂದು ತಳ್ಳಿಹಾಕಿದರು. ಪ್ರಾವಿಡೆನ್ಸ್‌ನ ರಿಕ್ ಪಿಟಿನೊ ತಳ್ಳಿಹಾಕಲಿಲ್ಲ. ಅದೇ ವರ್ಷ ಸಾಧಾರಣ ತಂಡವೊಂದನ್ನು ಫೈನಲ್ ಫೋರ್‌ಗೆ ಒಯ್ದರು. ಫೈನಲ್‌ನಲ್ಲಿ ಇಂಡಿಯಾನಾದ ಸ್ಟೀವ್ ಆಲ್ಫರ್ಡ್ 10ರಲ್ಲಿ 7 ಮೂರಂಕದ ಎಸೆತ ಹಾಕಿದರು, ಒಂದಂಕದಿಂದ ಗೆದ್ದ ತಂಡದ ಪರ. ಗೆರೆ 2008ರಲ್ಲಿ ಒಂದಡಿ ಹಿಂದೆ ಸರಿಯಿತು, 2019–20ರಲ್ಲಿ ಫಿಬಾ ದೂರಕ್ಕೆ, ಅಂದರೆ ಸುಮಾರು 22 ಅಡಿ 2 ಅಂಗುಲಕ್ಕೆ. ಅಷ್ಟು ದೂರ ಹೋದರೂ ಎಸೆತ ನಿಲ್ಲಲಿಲ್ಲ. ಮೊದಲ ವರ್ಷ ಒಂದು ತಂಡ ಪಂದ್ಯಕ್ಕೆ 9ರಷ್ಟು ಮೂರಂಕದ ಎಸೆತ ಪ್ರಯತ್ನಿಸುತ್ತಿತ್ತು, ಈಗ 20ಕ್ಕೂ ಹೆಚ್ಚು. 2025ರ ಟೂರ್ನಿಯಲ್ಲಿ ನೇಟ್ ಓಟ್ಸ್‌ರ ಅಲಬಾಮಾ ಬ್ರಿಗಮ್ ಯಂಗ್ ವಿರುದ್ಧ 25 ಮೂರಂಕದ ಬುಟ್ಟಿ ಹಾಕಿತು, 113–88ರ ಗೆಲುವು.

ವೇಗ ಏರಿಳಿದಿದೆ, ಇದು ಮಾತ್ರ ಒಂದೇ ದಿಕ್ಕಿಗೆ ಸಾಗಿದೆ. ಜೊತೆಗೆ, ವೇಗದೊಂದಿಗೆ ಇದಕ್ಕೆ ಗಂಟು ಬಿದ್ದಿಲ್ಲ. ಅಲಬಾಮಾ ಓಡುತ್ತ ದೂರದಿಂದ ಎಸೆಯುತ್ತದೆ. ವರ್ಜೀನಿಯಾ ಕಾದು ಕಾದು ದೂರದಿಂದ ಎಸೆಯುತ್ತಿತ್ತು. 2023 ಮತ್ತು 2024ರಲ್ಲಿ ಸತತ ಪ್ರಶಸ್ತಿ ಗೆದ್ದ ಡ್ಯಾನ್ ಹರ್ಲಿ ಅವರ ಕನೆಕ್ಟಿಕಟ್ ವೇಗದ ಪಟ್ಟಿಯಲ್ಲಿ ಕೆಳಗೇ ಇತ್ತು, ಆದರೆ ಆ ತಂಡದ ಒಂದು ಸರದಿಯೊಳಗೆ ಐವರ ಓಡಾಟ, ತಿರುವು, ಸ್ಕ್ರೀನುಗಳನ್ನು ನೋಡಿದವರು ಯಾರೂ ಅದನ್ನು ನಿಧಾನದ ಆಟವೆನ್ನಲಾರರು. ಹಳೆಯ ನಿಧಾನದಲ್ಲಿ ಚೆಂಡು ನಿಂತಿರುತ್ತಿತ್ತು. ಈಗಿನ ನಿಧಾನದಲ್ಲಿ ಕೊನೆಯವರೆಗೆ ಓಡುವುದು ಗಡಿಯಾರವೊಂದೇ ಅಲ್ಲ, ಎಲ್ಲರೂ ಓಡುತ್ತಿರುತ್ತಾರೆ. ಇದನ್ನು ಅಳೆಯಲು ಸರದಿಯ ಎಣಿಕೆ ಸಾಲದು.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು ಹಿಂದಿನ ಕಾಲದ ಲೆಕ್ಕ. 1970ರ ದಶಕದ ಸ್ಕೋರ್ ಪಟ್ಟಿಗಳಲ್ಲಿ ದಾಳಿ ರಿಬೌಂಡುಗಳನ್ನು ಬೇರೆಯಾಗಿ ಬರೆಯುವುದು ಅಪರೂಪ, ಕಳೆದುಕೊಂಡ ಚೆಂಡುಗಳ ದಾಖಲೆ ಎಲ್ಲ ಕಡೆ ಇಲ್ಲ. ವುಡನ್ ಕಾಲದ ವೇಗದ ಬಗ್ಗೆ ನಾವು ಹೇಳುವುದೆಲ್ಲ ಅಂದಾಜೇ. ಲೂಯಿಸಿಯಾನಾ ಸ್ಟೇಟ್‌ನ ಪೀಟ್ ಮರವಿಚ್ ಮೂರಂಕದ ಗೆರೆಯಿಲ್ಲದೆ ಮೂರು ವರ್ಷದಲ್ಲಿ ಸರಾಸರಿ 44.2ರಂತೆ 3,667 ಅಂಕ ಹೊಡೆದರು. 2024ರ ಮಾರ್ಚ್‌ನಲ್ಲಿ ಅಯೋವಾದ ಕೇಟ್ಲಿನ್ ಕ್ಲಾರ್ಕ್ ಆ ಸಂಖ್ಯೆ ದಾಟಿದಾಗ ನಾಲ್ಕು ವರ್ಷ, ಮೂರಂಕದ ಗೆರೆ, ಗಡಿಯಾರ ಎಲ್ಲವೂ ಹೋಲಿಕೆಗೆ ಅಡ್ಡ ಬಂದವು. ಸರದಿಗೆ ತಕ್ಕಂತೆ ತಿದ್ದಿ ಹೋಲಿಸೋಣವೆಂದರೆ ಮರವಿಚ್ ಕಡೆಯ ಸರದಿಗಳ ಲೆಕ್ಕವೇ ಪೂರ್ತಿಯಿಲ್ಲ.

ಎರಡನೆಯದು ವೇಗದ ಮೇಲೆ ಹಿಡಿತ ಯಾರದು ಎಂಬುದು. ನಿಧಾನದ ತಂಡ ತನ್ನ ಲಯವನ್ನು ವೇಗದ ತಂಡದ ಮೇಲೆ ಹೇರಬಲ್ಲದು, ತಿರುಗಿ ಹಾಗೆ ಮಾಡುವುದು ಕಷ್ಟ ಎಂದು ತರಬೇತುದಾರರು ನಂಬುತ್ತಾರೆ. ಪ್ರೆಸ್ ಮಾಡಿದರೆ ಯಾರನ್ನಾದರೂ ಓಡಿಸಬಹುದು ಎಂದು ರಿಚರ್ಡ್ಸನ್‌ರಂಥವರು ತೋರಿಸಿದರು. ದಾಳಿಯ ವೇಗವನ್ನೂ ರಕ್ಷಣೆ ಹೇರುವ ವೇಗವನ್ನೂ ಬಿಡಿಸಿ ಅಳೆಯುವ ಕೆಲಸ ಇನ್ನೂ ನಡೆಯುತ್ತಿದೆ.

ಮೂರನೆಯದು ಮುಂದಿನ ನಿಯಮ. ಮಹಿಳೆಯರ ಆಟ 2015–16ರಿಂದ ನಾಲ್ಕು ಕ್ವಾರ್ಟರಿಗೆ ಬದಲಾಗಿದೆ, ಪುರುಷರದು ಇನ್ನೂ 20 ನಿಮಿಷದ ಎರಡು ಅರ್ಧಗಳಲ್ಲೇ ಇದೆ. ಗಡಿಯಾರವನ್ನು 24ಕ್ಕೆ ಇಳಿಸಬೇಕೆನ್ನುವವರಿದ್ದಾರೆ. ಹಾಗಾದರೆ ಕ್ಯಾರಿಲ್‌ರಂಥವರ ಹೆಣಿಗೆಗೆ ಜಾಗವೇ ಉಳಿಯದು, ಎಲ್ಲ ಕಾಲೇಜುಗಳೂ ಎನ್‌ಬಿಎಯ ಎಳೆಯ ನಕಲುಗಳಾಗುತ್ತವೆ ಎನ್ನುವವರೂ ಇದ್ದಾರೆ. 350ಕ್ಕೂ ಹೆಚ್ಚು ತಂಡಗಳು ಇಷ್ಟು ಭಿನ್ನವಾಗಿ ಆಡುವ ಇನ್ನೊಂದು ದೊಡ್ಡ ಬ್ಯಾಸ್ಕೆಟ್‌ಬಾಲ್ ಲೋಕ ಇಲ್ಲ ಎಂಬ ಅವರ ಮಾತಿಗೆ ನನ್ನ ಓಟು.

ಕೊನೆಯದು ಮೂರಂಕದ ಎಸೆತಕ್ಕೆ ಮಿತಿ ಇದೆಯೇ ಎಂಬುದು. 2024ರ ಫೈನಲ್‌ಗೆ ಬಂದ ಪರ್ಡ್ಯೂ, ಲ್ಯಾಂಬರ್ಟ್ ಓಟ ಕಲಿಸಿದ ಅದೇ ಪರ್ಡ್ಯೂ, ತನ್ನ ಆಟವನ್ನೆಲ್ಲ ಕಟ್ಟಿದ್ದು ಬುಟ್ಟಿಯ ಪಕ್ಕ ಬೆನ್ನು ತಿರುಗಿಸಿ ನಿಲ್ಲುವ, ಏಳಡಿ ನಾಲ್ಕಂಗುಲದ ಜ್ಯಾಕ್ ಈಡೀ ಸುತ್ತ. ಈಡೀ ಫೈನಲ್‌ನಲ್ಲಿ 37 ಅಂಕ ಹೊಡೆದರು, ಪರ್ಡ್ಯೂ 75–60ರಿಂದ ಸೋತಿತು. ಮರುವರ್ಷದ ಫೈನಲ್‌ನಲ್ಲಿ ಫ್ಲೋರಿಡಾ 65–63ರಿಂದ ಸೋಲಿಸಿದ್ದು ಕೆಲ್ವಿನ್ ಸ್ಯಾಂಪ್ಸನ್‌ರ ಹ್ಯೂಸ್ಟನ್ ತಂಡವನ್ನು. ನಿಧಾನಕ್ಕೆ, ಮೈಮೇಲೆ ಬೀಳುವ ರಕ್ಷಣೆಗೆ ಹೆಸರಾದ ತಂಡವದು. 1980ರ ದಶಕದ ಆರಂಭದಲ್ಲಿ ಹಕೀಮ್ ಒಲಾಜುವಾನ್, ಕ್ಲೈಡ್ ಡ್ರೆಕ್ಸ್ಲರ್ ಜೊತೆಗೂಡಿ ಗಾಳಿಯಲ್ಲೇ ಆಡುತ್ತಿದ್ದದ್ದೂ ಅದೇ ವಿಶ್ವವಿದ್ಯಾಲಯ. ಆ ಫೈನಲ್‌ನ ಕೊನೆಯ ಸರದಿಯಲ್ಲಿ ಹ್ಯೂಸ್ಟನ್‌ಗೆ ಒಂದು ಎಸೆತವೂ ಸಿಗಲಿಲ್ಲ.